ಆಸ್ಟಿನ್‌ನಲ್ಲಿ ತೆರವಾಗದ ಕುರ್ಚಿ

2013ರ ಏಪ್ರಿಲ್ 12ರ ರಾತ್ರಿ, ಟೆಕ್ಸಾಸ್‌ನ ರಾಜಧಾನಿ ಆಸ್ಟಿನ್ ಬಳಿ ಒಂದು ಕಾರು ಸೈಕಲ್ ಪಥದ ಮೇಲೂ ಎದುರು ಬರುವ ವಾಹನಗಳ ಕಡೆಗೂ ವಾಲಾಡುತ್ತ ಹೋಗುತ್ತಿದೆ ಎಂದು ಯಾರೋ ಪೊಲೀಸರಿಗೆ ತಿಳಿಸಿದರು. ಕಾರಿನಲ್ಲಿದ್ದವರು ರೋಸ್‌ಮೇರಿ ಲೆಂಬರ್ಗ್, ಅಂದರೆ ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ಡಿಸ್ಟ್ರಿಕ್ಟ್ ಅಟಾರ್ನಿ, ಸರ್ಕಾರದ ಪರವಾಗಿ ಅಪರಾಧ ಮೊಕದ್ದಮೆಗಳನ್ನು ನಡೆಸುವ ಮುಖ್ಯ ವಕೀಲೆ. ಜೊತೆಯಲ್ಲಿ ಮುಚ್ಚಳ ತೆಗೆದ ವೋಡ್ಕಾ ಬಾಟಲಿಯಿತ್ತು. ರಕ್ತದಲ್ಲಿನ ಮದ್ಯದ ಪ್ರಮಾಣ 0.239, ಕಾನೂನಿನ ಮಿತಿಯಾದ 0.08ರ ಸುಮಾರು ಮೂರು ಪಟ್ಟು.

ಠಾಣೆಯ ವಿಡಿಯೊ ನೋಡಿದರೆ ಮುಜುಗರವಾಗುತ್ತದೆ. ಆಕೆ ಬಾಗಿಲು ಒದೆಯುತ್ತಾರೆ, ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನನ್ನು ಹೆಸರು ಹಿಡಿದು ಕರೆಸಿ ಎಂದು ಗದರುತ್ತಾರೆ, ಕೊನೆಗೆ ಅವರನ್ನು ಕುರ್ಚಿಗೆ ಬಿಗಿದು ಕೂರಿಸಬೇಕಾಗುತ್ತದೆ. ಕುಡಿದದ್ದಕ್ಕಿಂತ, ಅಧಿಕಾರದ ಹೆಸರನ್ನು ಎತ್ತಿದ ಆ ಗಳಿಗೆಯೇ ನನಗೆ ಹೆಚ್ಚು ಕೆಡುಕೆನಿಸಿತು. ಒಂದೇ ವಾರದಲ್ಲಿ ತಪ್ಪೊಪ್ಪಿಕೊಂಡ ಅವರಿಗೆ 45 ದಿನಗಳ ಜೈಲು ಶಿಕ್ಷೆಯಾಯಿತು, ಅದರಲ್ಲಿ ಅರ್ಧದಷ್ಟನ್ನು ಅನುಭವಿಸಿ ಹೊರಬಂದರು. ಆದರೆ ರಾಜೀನಾಮೆ ಕೊಡಲಿಲ್ಲ. ಕೊಡಬೇಕಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಗಿದ್ದೂ ರಾಜೀನಾಮೆಯ ಪ್ರಶ್ನೆ ಆಕೆಯ ಆತ್ಮಸಾಕ್ಷಿಯದಾಗಿ ಉಳಿಯಲಿಲ್ಲ. ನಮ್ಮಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರನ್ನು ಸರ್ಕಾರ ನೇಮಿಸುತ್ತದೆ. ಟೆಕ್ಸಾಸ್‌ನಲ್ಲಿ ಈ ಹುದ್ದೆಗೆ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುತ್ತದೆ. ಲೆಂಬರ್ಗ್ ಡೆಮಾಕ್ರಟಿಕ್ ಪಕ್ಷದವರು, ರಾಜ್ಯದ ಚುನಾಯಿತ ಆಡಳಿತ ಮುಖ್ಯಸ್ಥರಾದ ಗವರ್ನರ್ ರಿಕ್ ಪೆರ್ರಿ ರಿಪಬ್ಲಿಕನ್. ಹುದ್ದೆ ಅವಧಿಯ ನಡುವೆ ತೆರವಾದರೆ ಅದನ್ನು ತುಂಬುವವರು ಗವರ್ನರ್. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇಡೀ ರಾಜ್ಯದ ಅಧಿಕಾರಸ್ಥರ ಭ್ರಷ್ಟಾಚಾರವನ್ನು ತನಿಖೆ ಮಾಡುವ ಪಬ್ಲಿಕ್ ಇಂಟೆಗ್ರಿಟಿ ಘಟಕ ಇದೇ ಕಚೇರಿಯ ಅಡಿಯಲ್ಲಿತ್ತು, ಮತ್ತು ಪೆರ್ರಿ ಹೆಮ್ಮೆಯಿಂದ ಬೆಂಬಲಿಸಿದ್ದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದರ ಅನುದಾನ ಹಂಚಿಕೆಯನ್ನು ಅದು ಆಗ ಕೆದಕುತ್ತಿತ್ತು.

ಲೆಂಬರ್ಗ್ ಇಳಿಯದಿದ್ದರೆ ಘಟಕದ ಎರಡು ವರ್ಷಗಳ ಹಣ, ಸುಮಾರು 75 ಲಕ್ಷ ಡಾಲರ್, ಸಿಗುವುದಿಲ್ಲ ಎಂದು ಪೆರ್ರಿ ಎಚ್ಚರಿಸಿದರು. ಆಕೆ ಜಗ್ಗದಿದ್ದಾಗ ಜೂನ್‌ನಲ್ಲಿ ಆ ಬಾಬ್ತನ್ನು ವೀಟೋ ಮಾಡಿದರು. ವೀಟೋ ಅವರ ಸಾಂವಿಧಾನಿಕ ಅಧಿಕಾರವೇ. ಜೈಲಿಗೆ ಹೋಗಿ ಬಂದ ಅಧಿಕಾರಿಯ ಕೈಗೆ ಭ್ರಷ್ಟಾಚಾರದ ತನಿಖೆಯನ್ನು ಒಪ್ಪಿಸಲಾರೆ ಎಂಬ ಅವರ ಮಾತೂ ತಳ್ಳಿಹಾಕುವಂಥದ್ದಲ್ಲ. ಆದರೆ ಪೆರ್ರಿಯ ಆಡಳಿತದ ಕಾಲದಲ್ಲೇ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ ಬೇರೆ ಇಬ್ಬರು ಡಿಸ್ಟ್ರಿಕ್ಟ್ ಅಟಾರ್ನಿಗಳಿದ್ದರು, ಅವರ ವಿಷಯದಲ್ಲಿ ಗವರ್ನರ್ ಹೀಗೆ ಪಟ್ಟು ಹಿಡಿದಿರಲಿಲ್ಲ ಎಂದು ವಿರೋಧಿಗಳು ಬೊಟ್ಟು ಮಾಡಿದರು.

ಈ ಗದ್ದಲದಲ್ಲಿ ಹೆಚ್ಚಿನವರು ಗಮನಿಸದೆ ಬಿಟ್ಟದ್ದೊಂದಿದೆ. ಕೌಂಟಿ ಅಧಿಕಾರಿಗಳನ್ನು ತೆಗೆಯಲು ಟೆಕ್ಸಾಸ್ ಕಾನೂನಿನಲ್ಲೇ ದಾರಿಯಿದೆ. ಪಾನಮತ್ತತೆ ಅದಕ್ಕೆ ಸ್ಪಷ್ಟವಾಗಿ ಹೇಳಿರುವ ಕಾರಣಗಳಲ್ಲಿ ಒಂದು. ಆ ದಾರಿಯಲ್ಲಿ ದಾವೆ ಹೂಡಲಾಯಿತು, ವಿಚಾರಣೆ ನಡೆಯಿತು, 2013ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ಆಕೆ ಹುದ್ದೆಯಲ್ಲಿ ಮುಂದುವರಿಯಬಹುದೆಂದು ತೀರ್ಪಿತ್ತರು. ತೀರ್ಪು ನನಗೆ ರುಚಿಸಲಿಲ್ಲ, ಆದರೆ ಅದು ಸಾಕ್ಷ್ಯ ಕೇಳಿ, ಎರಡೂ ಕಡೆಯ ವಾದ ಆಲಿಸಿ ಕೊಟ್ಟದ್ದು. ಗವರ್ನರ್ ಹಣದ ಥೈಲಿ ಹಿಡಿದು ಕೇಳಿದ್ದು ಅಂಥದ್ದಲ್ಲ.

2014ರ ಆಗಸ್ಟ್‌ನಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಹೂಡಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ, ಪೆರ್ರಿಯ ಮೇಲೇ ಅಧಿಕಾರ ದುರುಪಯೋಗ ಮತ್ತು ಸರ್ಕಾರಿ ಸೇವಕರ ಮೇಲೆ ಬಲವಂತದ ಆರೋಪ ಹೊರಿಸಿತು. ಪೊಲೀಸ್ ದಾಖಲೆಗೆ ಫೋಟೊ ತೆಗೆಸಿಕೊಂಡು ಅವರು ನೇರ ಐಸ್‌ಕ್ರೀಮ್ ತಿನ್ನಲು ಹೋದರು. ಅಲ್ಲಿಯೂ ತೂಕ ತಪ್ಪಿತ್ತು ಎಂದೇ ನನ್ನ ಅಭಿಪ್ರಾಯ: ಕೆಟ್ಟ ರಾಜಕೀಯವೆಲ್ಲ ಅಪರಾಧವಾಗುವುದಿಲ್ಲ. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಆರೋಪವನ್ನು ಕೈಬಿಟ್ಟಿತು. 2016ರ ಫೆಬ್ರವರಿಯಲ್ಲಿ ರಾಜ್ಯದ ಅತ್ಯುನ್ನತ ಕ್ರಿಮಿನಲ್ ನ್ಯಾಯಾಲಯ ಉಳಿದದ್ದನ್ನೂ ವಜಾ ಮಾಡಿತು. ಅಷ್ಟರಲ್ಲಿ ಅಧ್ಯಕ್ಷ ಚುನಾವಣೆಯ ಕಣದಿಂದ ಪೆರ್ರಿ ಹಿಂದೆ ಸರಿದಿದ್ದರು.

ಘಟಕದ ಗತಿ ಬೇರೆಯಾಯಿತು. ಕೌಂಟಿ ತನ್ನ ಬೊಕ್ಕಸದಿಂದ ಹಣ ಕೊಟ್ಟು ಅದನ್ನು ಕುಗ್ಗಿದ ರೂಪದಲ್ಲಿ ಉಳಿಸಿಕೊಂಡಿತಾದರೂ, 2015ರಲ್ಲಿ ಶಾಸಕಾಂಗವು ರಾಜ್ಯಾಧಿಕಾರಿಗಳ ಭ್ರಷ್ಟಾಚಾರದ ತನಿಖೆಯನ್ನು ರಾಜ್ಯ ಪೊಲೀಸ್‌ನ ತನಿಖಾ ದಳವಾದ ಟೆಕ್ಸಾಸ್ ರೇಂಜರ್ಸ್‌ಗೂ, ಮೊಕದ್ದಮೆಯನ್ನು ಆರೋಪಿಯ ತವರು ಕೌಂಟಿಯ ಅಭಿಯೋಜಕರಿಗೂ ವಹಿಸಿತು. ಲೆಂಬರ್ಗ್ ಅವಧಿ ಪೂರೈಸಿದರು, ಮತ್ತೆ ಸ್ಪರ್ಧಿಸಲಿಲ್ಲ. 2016ರ ನವೆಂಬರ್‌ನಲ್ಲಿ ಟ್ರಾವಿಸ್ ಕೌಂಟಿಯ ಮತದಾರರು ಆ ಹುದ್ದೆಗೆ ಮಾರ್ಗರೆಟ್ ಮೂರ್ ಅವರನ್ನು ಆರಿಸಿದರು. ಅವರೂ ಡೆಮಾಕ್ರಟಿಕ್ ಪಕ್ಷದವರೇ.