ಡಯಲ್ 8ರಲ್ಲಿ ತಾಳೆಯಾಗದ ಸೆವೊಫ್ಲುರೇನ್ ಲೆಕ್ಕ

ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಿ ಸೆವೊಫ್ಲುರೇನ್ (ಆವಿಯಾಗಿಸಿ ಉಸಿರಿನೊಂದಿಗೆ ಕೊಡುವ ಅರಿವಳಿಕೆ ದ್ರವ) ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕದಲ್ಲಿ ತಕ್ಕಡಿಗೂ ಸೂತ್ರಕ್ಕೂ ಇದ್ದ ತಕರಾರು ಕೊನೆಗೂ ಬಗೆಹರಿದಿದೆ. ಡಿಯಾನ್ ಸೂತ್ರ ನಿಮಗೆ ಗೊತ್ತಿರುವುದೇ: ವೇಪರೈಸರ್ (ದ್ರವವನ್ನು ಆವಿಯಾಗಿಸಿ ಅನಿಲಕ್ಕೆ ಬೆರೆಸುವ ಸಾಧನ) ಡಯಲ್‌ನ ಶೇಕಡಾ, ಫ್ರೆಶ್ ಗ್ಯಾಸ್ ಫ್ಲೋ (ನಿಮಿಷಕ್ಕೆ ಯಂತ್ರದೊಳಗೆ ಬಿಡುವ ಹೊಸ ಅನಿಲದ ಲೀಟರ್), ನಿಮಿಷ ಮತ್ತು ಅಣುತೂಕ 200, ಇವುಗಳ ಗುಣಲಬ್ಧವನ್ನು 2412 (ಒಂದು ಮೋಲ್ ಅನಿಲದ ಗಾತ್ರ 24.12 ಲೀಟರ್‌ನ ನೂರು ಪಟ್ಟು) ಮತ್ತು ಸಾಂದ್ರತೆ 1.52ರ ಗುಣಲಬ್ಧದಿಂದ ಭಾಗಿಸಿದರೆ ಖರ್ಚಾದ ದ್ರವ ಮಿ.ಲೀ.ಗಳಲ್ಲಿ ಸಿಗುತ್ತದೆ. ದೊಡ್ಡವರ ದೀರ್ಘ ಶಸ್ತ್ರಚಿಕಿತ್ಸೆಗಳಲ್ಲಿ ಈ ಉತ್ತರ ವೇಪರೈಸರ್‌ನ ತೂಕದ ಇಳಿಕೆಗೆ ಹೊಂದುತ್ತಿತ್ತು. ಮಕ್ಕಳ ಹರ್ನಿಯಾದಂತಹ ಚಿಕ್ಕ ಕೇಸುಗಳಲ್ಲಿ ಮಾತ್ರ ತಕ್ಕಡಿ ಪ್ರತಿಸಲವೂ ಹೆಚ್ಚಿನ ಖರ್ಚನ್ನೇ ತೋರಿಸುತ್ತಿತ್ತು.

ತಕ್ಕಡಿಯನ್ನೇ ಶಂಕಿಸಲು ಕಾರಣವಿತ್ತು. 0.1 ಗ್ರಾಂ ನಿಖರತೆಯದೆಂದು ಸರಬರಾಜುದಾರರು ಕಳಿಸಿದ ತಕ್ಕಡಿ ಒಂದು ಗ್ರಾಂಗಿಂತ ಸಣ್ಣ ವ್ಯತ್ಯಾಸವನ್ನು ಗುರುತಿಸುತ್ತಿರಲಿಲ್ಲ. ಒಂದು ಗ್ರಾಂ ಎಂದರೆ 0.66 ಮಿ.ಲೀ.; ಮಕ್ಕಳ ಕೇಸಿನಲ್ಲಿ ಅದು ಕಡೆಗಣಿಸುವ ಮೊತ್ತವಲ್ಲ. ಪದೇಪದೇ ಫೋನ್ ಮಾಡಿ ಬದಲಿ ತರಿಸಿಕೊಂಡೆವು; ವೇಪರೈಸರನ್ನು ಸ್ವಲ್ಪವೂ ವಾಲಿಸದೆ ಬಿಚ್ಚಿ ತೂಗಿದೆವು. ವ್ಯತ್ಯಾಸ ಮಾತ್ರ ಕದಲಲಿಲ್ಲ.

ಆಮೇಲೆ ರೋಗಿಯಿಲ್ಲದ ಯಂತ್ರಕ್ಕೆ ಸ್ಕ್ಯಾವೆಂಜಿಂಗ್ (ಬಳಸಿದ ಅನಿಲವನ್ನು ಕೋಣೆಯಿಂದ ಹೊರಗೆ ಸಾಗಿಸುವ ವ್ಯವಸ್ಥೆ) ಜೋಡಿಸಿ, ಡಯಲ್ 2ರಲ್ಲಿ ಒಮ್ಮೆ, 8ರಲ್ಲಿ ಒಮ್ಮೆ ಓಡಿಸಿ ತೂಗಿದಾಗ ವಿಷಯ ಸ್ಪಷ್ಟವಾಯಿತು. 2ರಲ್ಲಿ ತಕ್ಕಡಿ ಮತ್ತು ಸೂತ್ರ ಒಪ್ಪುತ್ತಿದ್ದವು, 8ರಲ್ಲಿ ಇಲ್ಲ. ಫ್ಲೋಮೀಟರ್ ಅಳೆಯುವುದು ವೇಪರೈಸರ್‌ನೊಳಗೆ ಹೋಗುವ ಅನಿಲವನ್ನು; ಡಯಲ್ ಹೇಳುವುದು ಹೊರಬರುವ ಮಿಶ್ರಣದ ಪ್ರಮಾಣವನ್ನು. ಹೊರಬರುವ ನೂರು ಪಾಲಿನಲ್ಲಿ ಎಂಟು ಆವಿಯಾದರೆ ಉಳಿದ ತೊಂಬತ್ತೆರಡು ಮಾತ್ರ ಆಮ್ಲಜನಕ. ಆದ್ದರಿಂದ 6 ಲೀಟರ್ ಆಮ್ಲಜನಕದೊಂದಿಗೆ ನಿಮಿಷಕ್ಕೆ ಹೋಗುವ ಆವಿ 480 ಮಿ.ಲೀ. ಅಲ್ಲ, 522. ಡಯಲ್ 2ರಲ್ಲಿ ಶೇ 2ರಷ್ಟಿರುವ ಈ ಕೊರತೆ 8ರಲ್ಲಿ ಶೇ 8.7ಕ್ಕೆ ಏರುತ್ತದೆ. ಶೇಕಡಾವನ್ನು (2412ರೊಳಗೆ ಅಡಗಿರುವ) 100ರಿಂದ ಭಾಗಿಸುವ ಬದಲು, 100ರಲ್ಲಿ ಅದನ್ನು ಕಳೆದು ಉಳಿದದ್ದರಿಂದ ಭಾಗಿಸಿದರೆ ಸಾಕು.

ಮಕ್ಕಳಲ್ಲಿ ಇದು ಏಕೆ ಎದ್ದು ಕಾಣುತ್ತದೆಂದರೆ, ಅವರನ್ನು ಬಹುಪಾಲು ಮಾಸ್ಕ್‌ನಿಂದಲೇ ಮಲಗಿಸುತ್ತೇವೆ. ಡಯಲ್ 8, ಫ್ಲೋ 6 ಲೀಟರ್ ಇಟ್ಟ ಐದು ನಿಮಿಷದ ಇಂಡಕ್ಷನ್‌ಗೆ (ಮಲಗಿಸುವ ಹಂತಕ್ಕೆ) 14 ಮಿ.ಲೀ. ದ್ರವ ಬೇಕು; ಒಂದು ಲೀಟರ್ ಫ್ಲೋ, ಡಯಲ್ 2ರಲ್ಲಿ ಅಷ್ಟೇ ದ್ರವ ಎರಡು ಗಂಟೆಗೂ ಹೆಚ್ಚು ಬರುತ್ತದೆ. ಟ್ಯೂಬ್ ಹಾಕಲು ಮಾಸ್ಕ್ ತೆಗೆದಾಗ ಫ್ಲೋ ನಿಲ್ಲಿಸದಿದ್ದರೆ ಅರ್ಧ ನಿಮಿಷಕ್ಕೇ 1.4 ಮಿ.ಲೀ. ನಮ್ಮೆಲ್ಲರ ಮೂಗಿಗೆ ಬರುತ್ತದೆ. ಉಳಿತಾಯವನ್ನು ಅಲ್ಲಿಂದಲೇ ಆರಂಭಿಸಬೇಕೆಂದು ನನ್ನ ದೃಢ ಅಭಿಪ್ರಾಯ.

ಮುಂದಿನ ಸರದಿ ನೈಟ್ರಸ್ ಆಕ್ಸೈಡ್ ಸಿಲಿಂಡರ್‌ಗಳದು. ಒಳಗೆ ದ್ರವ ಮುಗಿಯುವವರೆಗೂ ಒತ್ತಡ ತೋರಿಸುವ ಗೇಜ್ ಹೆಚ್ಚು ಕದಲುವುದಿಲ್ಲವಾದ್ದರಿಂದ ಅಲ್ಲಿಯೂ ತೂಕವೇ ಆಧಾರ. ಅದಕ್ಕೆ ದೊಡ್ಡ ತಕ್ಕಡಿಯನ್ನು ಬೇರೊಬ್ಬ ಸರಬರಾಜುದಾರರಿಂದ ತರಿಸುತ್ತಿದ್ದೇವೆ.