ಟ್ಯಾಂಡೆಮ್‌ಗೂ ತಿರುಗಲು ಜಾಗ ಬೇಕು

ಇವತ್ತು ಸೈಕಲ್ ಮುಟ್ಟಲೇ ಇಲ್ಲ. ಗುದ್ದಲಿ, ಸಲಿಕೆ ಹಿಡಿದು ಬರೀ ಟ್ರೇಲ್ ಕೆಲಸ, ಅಂದ್ರೆ ಗುಡ್ಡದ ಸೈಕಲ್ ದಾರಿ ಸರಿಮಾಡೋದು. ಮೌಂಟೇನ್ ಬೈಕಿಂಗ್ ಅಂದ್ರೆ ಇಳಿಜಾರಲ್ಲಿ ಜೋರಾಗಿ ಇಳಿಯೋದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ, ಆದರೆ ಆ ದಾರಿ ನಾಲ್ಕು ಮಳೆಗಾಲ ತಡೆದುಕೊಳ್ಳಬೇಕು ಅಂದರೆ ಮೊದಲು ನೀರಿನ ಲೆಕ್ಕ ಗೊತ್ತಿರಬೇಕು. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಸರಾಸರಿ ಶೇ. 10ರ ಒಳಗಿದ್ದರೆ ಒಳ್ಳೆಯದು. ಹೊರ ಅಂಚು ಸ್ವಲ್ಪ ತಗ್ಗಾಗಿದ್ದರೆ ನೀರು ದಾರಿಯುದ್ದಕ್ಕೂ ಹರಿದು ಕೊರಕಲು ಮಾಡದೆ, ಅಡ್ಡ ದಾಟಿ ಕೆಳಗಿಳಿಯುತ್ತದೆ. ಒಂದು ಕಡೆ ಅಂಚಿಗೆ ಕೂಡಿಕೊಂಡಿದ್ದ ಮಣ್ಣು ಕೆರೆದು ತೆಗೆದೆವು. ನಿಂತಿದ್ದ ಕೆಸರು ನೀರು ತಾನಾಗೇ ಜಾರಿ ಹೋಯಿತು. ಅದನ್ನು ನೋಡೋದೇ ಎಂಥಾ ಖುಷಿ!

ಟ್ಯಾಂಡೆಮ್, ಅಂದ್ರೆ ಇಬ್ಬರು ಹಿಂದೆ-ಮುಂದೆ ಕೂತು ತುಳಿಯುವ ಸೈಕಲ್, ಓಡಿಸುವ ಜೋಡಿಯೂ ಕೆಲಸಕ್ಕೆ ಬಂದಿದ್ದರು. ಮುಂದೆ ಕೂರುವವರು ಕ್ಯಾಪ್ಟನ್, ಹಿಂದಿನವರು ಸ್ಟೋಕರ್. ಈ ಸ್ಟೋಕರ್‌ಗೆ ಕಣ್ಣು ಕಾಣಿಸುವುದಿಲ್ಲ. ಇಬ್ಬರ ಪೆಡಲ್‌ಗಳೂ ಚೈನಿನಿಂದ ಸೇರಿಕೊಂಡಿರುವುದರಿಂದ ಒಬ್ಬರು ತುಳಿಯೋದು ನಿಲ್ಲಿಸಿದರೆ ಇನ್ನೊಬ್ಬರ ಕಾಲೂ ನಿಲ್ಲಬೇಕು, ಹಾಗಾಗಿ "ಉಬ್ಬು ಬಂತು", "ಗೇರ್ ಹಾಕ್ತೀನಿ" ಅಂತ ಕ್ಯಾಪ್ಟನ್ ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಾರೆ. ಅಷ್ಟು ನಂಬಿಕೆ ಇಟ್ಟು ಹಿಂದೆ ಕೂರೋದು ಸುಮ್ನೆ ಮಾತಲ್ಲ, ಅಲ್ವಾ? ಅವರ ಸೈಕಲ್ ಉದ್ದ, ಬಿಗಿ ತಿರುವಲ್ಲಿ ತಿರುಗೋದಿಲ್ಲ. ಅದಕ್ಕೇ ಕೊನೆಯ ತಿರುವನ್ನು ಎಲ್ಲರೂ ಸೇರಿ ಅಗಲ ಮಾಡಿದೆವು.

ಮಣ್ಣು ಇನ್ನೂ ಹಸಿ ಇದೆ. ಒಣಗಿ ಗಟ್ಟಿಯಾಗುವವರೆಗೆ ದಯವಿಟ್ಟು ಯಾರೂ ಅಲ್ಲಿ ಸೈಕಲ್ ಇಳಿಸಬೇಡಿ.