ಶಿವಮೊಗ್ಗದಲ್ಲಿ ಬ್ರಂಚ್ ಹುಡುಕ್ಕೊಂಡು ಹೊರಟಿದ್ದೀರಾ? ಮೊದಲು ಗಡಿಯಾರ ನೋಡ್ಕೊಳ್ಳಿ

ಡಿಸೆಂಬರ್‌ನಲ್ಲಿ ಒಂದು ಶುಕ್ರವಾರ ರಾತ್ರಿ ನಾನೂ ನಮ್ಮತ್ತಿಗೆನೂ ಬೆಂಗಳೂರಲ್ಲಿ ತಾಳಗುಪ್ಪ ಟ್ರೈನ್ ಹತ್ತಿದ್ವಿ. ಉದ್ದೇಶ ಒಂದೇ, ಎರಡು ದಿನ ಕೆಫೆ ಸುತ್ತೋದು, ಒಳ್ಳೆ ಕಾಫಿ ಕುಡಿಯೋದು, ಜೋಗ ಆಗುಂಬೆ ಅಂತ ಓಡಾಡದೆ ಆರಾಮಾಗಿ ಬ್ರಂಚ್ ಮಾಡ್ಕೊಂಡು ಇರೋದು. ಅತ್ತಿಗೆ ಫೋನಲ್ಲಿ ಒಂಬತ್ತು ಕೆಫೆ ಸೇವ್ ಮಾಡ್ಕೊಂಡಿದ್ರು. ಟ್ರೈನ್ ಬೆಳಗಿನ ಜಾವ, ಇನ್ನೂ ಕತ್ತಲಿರೋವಾಗ್ಲೇ ಇಳಿಸಿಬಿಡ್ತು, ಪ್ಲಾಟ್‌ಫಾರಂ ಬೆಂಚಲ್ಲಿ ಕೂತು ಒಂದೊಂದಾಗಿ ನೋಡಿದ್ರೆ ಒಂಬತ್ತರಲ್ಲಿ ಒಂದೂ 10 ಗಂಟೆಗೆ ಮುಂಚೆ ಬಾಗಿಲು ತೆಗೆಯಲ್ಲ, ಎರಡಂತೂ 11ಕ್ಕೆ. ಹೊರಗೆ ಆಟೋದವರನ್ನ ಅತ್ತಿಗೆ ಕೇಳಿಯೇಬಿಟ್ರು, ಅಣ್ಣ ಇಲ್ಲಿ ಅವೊಕಾಡೊ ಟೋಸ್ಟ್ ಬೆಳಿಗ್ಗೆನೇ ಎಲ್ಲಾದ್ರೂ ಸಿಗತ್ತಾ ಅಂತ. ಅವರು, "ಎಂಥದು, ಟೋಸ್ಟಾ? ಬೇಕರಿ ತೆಗೀಲಿ ಮಾರಾಯ್ರೆ, ಪ್ಯಾಕೆಟ್ ಸಿಗ್ತದೆ" ಅಂದ್ರು.

ಈ ಊರಿನ ಹೊಟ್ಟೆ ಗಡಿಯಾರನೇ ಬೇರೆ. ಹೋಟೆಲ್‌ಗಳು ಆರು ಆರೂವರೆಗೆ ಶುರು, ಇಡ್ಲಿ ವಡೆ ಪಲಾವ್ ಎಲ್ಲ ಬಿಸಿ ಬಿಸಿ ಇರೋದು ಏಳೂವರೆಯಿಂದ ಒಂಬತ್ತು. ಹತ್ತೂವರೆ ಅನ್ನೋಷ್ಟ್ರಲ್ಲಿ ಒಳ್ಳೇದೆಲ್ಲ ಖಾಲಿ, ಕಾವಲಿ ತಣ್ಣಗೆ, ಊಟ ಅಂದ್ರೆ ಹನ್ನೆರಡೂವರೆ. ನಾವು ಬೆಂಗಳೂರವರು ಬ್ರಂಚ್ ಅಂತ ಹೊರಡೋದು ಕರೆಕ್ಟಾಗಿ ಆ ಖಾಲಿ ಎರಡು ಗಂಟೆಲಿ. ಹಾಗಾಗಿ ಬ್ರಂಚನ್ನ ಎರಡು ತುಂಡು ಮಾಡ್ಕೊಳ್ಳಿ, ಏಳೂವರೆಗೆ ಹೋಟೆಲಲ್ಲಿ ಅರ್ಧ ತಿಂಡಿ, ಹನ್ನೊಂದಕ್ಕೆ ಕೆಫೆಲಿ ಇನ್ನರ್ಧ. ಮಧ್ಯದ ಹೊತ್ತಿಗೆ ಏನು ಅನ್ನೋದು ಮುಂದೆ ಹೇಳ್ತೀನಿ.

ನಾವು ಹೋಗಿದ್ದು ಗಾಂಧಿ ಬಜಾರ್ ಕಡೆ ಒಂದು ಹಳೇ ಹೋಟೆಲಿಗೆ, ಬೋರ್ಡಲ್ಲಿ ಅಕ್ಷರ ಅರ್ಧ ಅಳಿಸಿದೆ. ಅಲ್ಲಿ ಕಡುಬು ತಿನ್ನಿ. ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟಿ ಹಬೆಲಿಟ್ಟಿದ್ದು, ನೋಡೋಕೆ ಏನೂ ಇಲ್ಲ, ಬಿಳೀ ಉಂಡೆ ಅಷ್ಟೆ, ಆದ್ರೆ ಮುರಿದ್ರೆ ಒಳಗಿಂದ ಹಬೆ ಬರ್ಬೇಕು, ಚಟ್ನಿ ಮೇಲೆ ಎರಡು ಚಮಚ ತೆಂಗಿನೆಣ್ಣೆ ಹಾಕಿಸ್ಕೊಳ್ಳಿ. ಅತ್ತಿಗೆ ಫೋಟೋ ತೆಗ್ಯೋಕೆ ಹೋಗಿ, ಇದರಲ್ಲಿ ಕಲರ್ರೇ ಇಲ್ವಲ್ಲ ಅಂತ ಬಿಟ್ಬಿಟ್ರು, ಆಮೇಲೆ ಇನ್ನೊಂದು ಪ್ಲೇಟ್ ಹೇಳಿದ್ರು.

ಕಾಫಿ ಮಾಡೋರ ಪಕ್ಕದ ಟೇಬಲ್ಲೇ ಸಿಕ್ಕಿತ್ತು ನಮಗೆ. ಹಿತ್ತಾಳೆ ಫಿಲ್ಟರ್ ನನ್ನ ಮೊಣಕಾಲೆತ್ತರ ಇದೆ, ಕೆಳಗಿನ ನಲ್ಲಿಯಿಂದ ಡಿಕಾಕ್ಷನ್ ಲೋಟಕ್ಕೆ ಬಿಡ್ತಾರೆ, ಅಳತೆ ಎಲ್ಲ ಕಣ್ಣಲ್ಲೇ, ಎರಡು ಬೆರಳಿನಷ್ಟು ಬಂತಂದ್ರೆ ನಿಲ್ಲಿಸ್ತಾರೆ, ಮೇಲಿಂದ ಹಾಲು ಹೊಯ್ದಾಗ ನೊರೆ ಲೋಟದ ಅಂಚಿಗೆ ಬಂದು ನಿಂತ್ಕೊಳ್ಳತ್ತೆ, ಒಂದು ಹನಿ ಹೊರಗೆ ಚೆಲ್ಲಲ್ಲ. ಬಾಯಲ್ಲಿ ಎಲೆಯಡಿಕೆ, ಮಾತಿಲ್ಲ. ಸಕ್ಕರೆ ಅವರೇ ಮೊದಲೇ ಹಾಕಿಬಿಡ್ತಾರೆ, ಅದಕ್ಕೆ ಆರ್ಡರ್ ಮಾಡೋವಾಗ್ಲೇ "ಸಕ್ಕರೆ ಕಮ್ಮಿ, ಡಿಕಾಕ್ಷನ್ ಜಾಸ್ತಿ" ಅಂತ ಹೇಳ್ಬೇಕು, ಬಂದ್ಮೇಲೆ ಹೇಳಿದ್ರೆ ಏನೂ ಆಗಲ್ಲ. ಇಬ್ರಿಗೆ ಬೈಟೂ ಹೇಳಿದ್ರೆ ಯಾರೂ ಮುಖ ನೋಡಲ್ಲ, ಹೇಳಿ. ಇಬ್ಬರದ್ದೂ ಸೇರಿ 150 ರೂಪಾಯಿ ಒಳಗೇ ಆಯ್ತು.

ಈಗ ಮಧ್ಯದ ಹೊತ್ತು. ತೀರ್ಥಹಳ್ಳಿ ರಸ್ತೆಲಿ 14 ಕಿಲೋಮೀಟರ್ ಹೋದ್ರೆ ಸಕ್ರೆಬೈಲು ಆನೆ ಬಿಡಾರ, ಬೆಳಿಗ್ಗೆ ಹೊತ್ತಲ್ಲಿ ಆನೆಗಳಿಗೆ ತುಂಗೆಯ ಹಿನ್ನೀರಲ್ಲಿ ಸ್ನಾನ ಮಾಡಿಸ್ತಾರೆ. ಎಂಟೂವರೆಗೆ ಅಲ್ಲಿದ್ದು ಹತ್ತೂವರೆಗೆ ವಾಪಸ್ ಹೊರಟ್ರೆ ಕೆಫೆ ತೆಗ್ಯೋ ಹೊತ್ತಿಗೆ ಊರಲ್ಲಿರ್ತೀರಿ, ಹಸಿವೂ ಆಗಿರತ್ತೆ. ಮಧ್ಯಾಹ್ನ ಹೋದ್ರೆ ಅಲ್ಲಿ ನೋಡೋಕೆ ಏನೂ ಇರಲ್ಲ.

ಕೆಫೆಗಳು ಎಲ್ಲಿವೆ ಅಂದ್ರೆ ವಿನೋಬನಗರದ 100 ಅಡಿ ರಸ್ತೆ, ಕುವೆಂಪು ರಸ್ತೆ, ಸವಳಂಗ ರಸ್ತೆ, ಆಮೇಲೆ ಜಯನಗರ ರವೀಂದ್ರನಗರದ ಒಳರಸ್ತೆಗಳಲ್ಲಿ ಮನೆಗಳನ್ನೇ ಕೆಫೆ ಮಾಡಿರೋದು. ಹೆಸರು ಬೇಕಂತಲೇ ಬರೀತಿಲ್ಲ, ಯಾಕಂದ್ರೆ ಅತ್ತಿಗೆ ಲಿಸ್ಟಿನ ಒಂಬತ್ತರಲ್ಲಿ ಎರಡು ಮುಚ್ಚೇ ಹೋಗಿದ್ವು, ಒಂದು ಬಟ್ಟೆ ಅಂಗಡಿ ಆಗಿತ್ತು, ಮ್ಯಾಪಲ್ಲಿ ಮಾತ್ರ ಮೂರೂ ಓಪನ್ ಅಂತಲೇ ತೋರಿಸ್ತಿತ್ತು. ಹೊರಡೋ ಮುಂಚೆ ಒಂದು ಫೋನ್ ಮಾಡಿ, ಕಿಚನ್ ಎಷ್ಟೊತ್ತಿಗೆ ಶುರು ಅಂತಲೂ ಕೇಳಿ, ಬಾಗಿಲು ತೆಗೆಯೋದು ಬೇರೆ, ಒಲೆ ಹಚ್ಚೋದು ಬೇರೆ.

ನಮಗೆ ಇಷ್ಟ ಆಗಿದ್ದು ಒಳರಸ್ತೆಲಿದ್ದ ಒಂದು ಹಳೇ ಮನೆ. ಜಗುಲಿ ಹಾಗೇ ಇಟ್ಕೊಂಡಿದ್ದಾರೆ, ಅಲ್ಲೇ ನಾಲ್ಕು ಟೇಬಲ್, ಅಂಗಳದಲ್ಲಿ ಸಂಪಿಗೆ ಮರ. ಮೆನು ಉದ್ದಕ್ಕಿದೆ, ಪಾಸ್ತಾ, ಬರ್ಗರ್, ಪೀಟ್ಜಾ, ಕೊರಿಯನ್ ಅದೂ ಇದೂ, ಅವನ್ನೆಲ್ಲ ಬಿಟ್ಬಿಡಿ. ಆಮ್ಲೆಟ್, ಫ್ರೆಂಚ್ ಟೋಸ್ಟ್, ಗ್ರಿಲ್ಡ್ ಸ್ಯಾಂಡ್‌ವಿಚ್, ಇಷ್ಟರಲ್ಲಿ ಇವರು ಚೆನ್ನಾಗಿ ಮಾಡ್ತಾರೆ, ಅದೂ ಹಲಸಿನ ಹಪ್ಪಳ ಪಕ್ಕಕ್ಕಿಟ್ಟು ಕೊಡ್ತಾರೆ, ಆಮ್ಲೆಟ್ ಜೊತೆ ಹಪ್ಪಳ ಯಾವ ಬ್ರಂಚ್ ಬುಕ್ಕಲ್ಲೂ ಇರ್ಲಿಕ್ಕಿಲ್ಲ, ಆದ್ರೆ ಸೂಪರ್.

ಕಾಫಿ ಮಾಡೋ ಹುಡುಗ ಬೀನ್ಸ್ ಕೊಪ್ಪದ ಹತ್ರ ಅವನ ಮಾವನ ತೋಟದ್ದು ಅಂದ. ಕಪ್ಪು ಕಾಫಿ ತಗೊಳ್ಳಿ ಅಕ್ಕ, ಮೊದಲ ಗುಟುಕು ಸಕ್ಕರೆ ಇಲ್ದೆ ಕುಡೀರಿ, ಆಮೇಲೆ ನಿಮ್ಮಿಷ್ಟ ಅಂದ. ಅತ್ತಿಗೆ ಕುಡಿದು "ಕಷಾಯ ಇದ್ದಂಗಿದೆ" ಅಂದ್ರು, ಎರಡನೇ ಗುಟುಕಿಗೆ ಸುಮ್ಮನಾದ್ರು. ಅದರಲ್ಲಿ ಚಿಕೋರಿ ಇಲ್ಲ, ಬೆಳಿಗ್ಗೆ ಕುಡಿದ ಹೋಟೆಲ್ ಕಾಫಿಲಿ ಇತ್ತು, ವ್ಯತ್ಯಾಸ ನಾಲಿಗೆಗೆ ಗೊತ್ತಾಗತ್ತೆ. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಬಣ್ಣ ಗಟ್ಟಿತನ ಕೊಡತ್ತೆ, ಕೆಫೀನ್ ಇಲ್ಲ, ಹಾಲಿನ ಕಾಫಿಗೆ ಸ್ವಲ್ಪ ಇದ್ರೆ ಒಳ್ಳೇದೇ ಅನ್ನೋದು ನನ್ನ ಅಭಿಪ್ರಾಯ, ಬೈಯೋರು ಬೈಕೊಳ್ಳಿ. ಎರಡು ಕಾಫಿ, ಒಂದು ಆಮ್ಲೆಟ್, ಒಂದು ಫ್ರೆಂಚ್ ಟೋಸ್ಟ್‌ಗೆ 560 ರೂಪಾಯಿ ಕೊಟ್ವಿ.

ಒಂದು ವಿಷಯ ನನಗೆ ಹೋಗೋ ತನಕ ತಲೆಗೇ ಹೋಗಿರ್ಲಿಲ್ಲ. ಶಿವಮೊಗ್ಗ ಅಂದ್ರೆ ಮಲೆನಾಡು, ಮಲೆನಾಡು ಅಂದ್ರೆ ಕಾಫಿ ಅಂತ ಅಂದ್ಕೊಂಡಿದ್ದೆ. ಆದ್ರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಎಲ್ಲ ಮುಖ್ಯವಾಗಿ ಅಡಿಕೆ ಸೀಮೆ. ತೋಟದ ಮಧ್ಯೆ ಕೂತು ಕಾಫಿ ಕುಡೀಬೇಕು ಅಂತಿದ್ರೆ ತೀರ್ಥಹಳ್ಳಿ ದಾಟಿ ಕೊಪ್ಪದ ಕಡೆಗೆ, ಅಂದ್ರೆ ಚಿಕ್ಕಮಗಳೂರು ಜಿಲ್ಲೆಗೆ ಹೋಗ್ಬೇಕು.

ಭಾನುವಾರ ಅದನ್ನೇ ಮಾಡಿದ್ವಿ. ಶಿವಮೊಗ್ಗದಿಂದ ತೀರ್ಥಹಳ್ಳಿ 60 ಕಿಲೋಮೀಟರ್, ಅಲ್ಲಿಂದ ಕೊಪ್ಪ ಇನ್ನೊಂದು 30. ಹೆಂಗಸರಿಗೆ ಒಂದು ಮಾತು, ಶಕ್ತಿ ಯೋಜನೆ ಫ್ರೀ ಟಿಕೆಟ್ ಅಂತ ಆಧಾರ್ ಹಿಡ್ಕೊಂಡು ಹೋದ್ರೆ ಈ ರೂಟಲ್ಲಿ ಹೆಚ್ಚು ಸಿಗೋದು ಪ್ರೈವೇಟ್ ಬಸ್, ಅದರಲ್ಲಿ ಫ್ರೀ ಇಲ್ಲ. ಕೊಪ್ಪದ ಸಹಕಾರ ಸಾರಿಗೆ, ಕಾರ್ಮಿಕರೇ ಸೇರಿ ನಡೆಸ್ತಿದ್ದ ಬಸ್‌ಗಳು, ನೆನಪಿದ್ಯಲ್ಲ, ಅದೂ 2020ರಲ್ಲಿ ನಿಂತುಹೋಯ್ತು. ತೋಟದ ಕಡೆ ಒಳಗೆ ಹೋಗೋದಿದ್ರೆ ತೀರ್ಥಹಳ್ಳಿಲೇ ಒಂದು ಕಾರ್ ಮಾತಾಡ್ಕೊಳ್ಳಿ.

ತೀರ್ಥಹಳ್ಳಿಲಿ ನಮ್ಮ ಸೋದರತ್ತೆ ಮನೆ, ಅಲ್ಲೇ ತಿಂಡಿ. ಅಡಿಕೆ ಸುಗ್ಗಿ, ಮನೆ ಹಿಂದೆ ಹಂಡೆಲಿ ಅಡಿಕೆ ಬೇಯ್ತಾ ಇದೆ, ಚೊಗರಿನ ವಾಸನೆ ಇಡೀ ಮನೆಗೆ. ನೀರುದೋಸೆ, ಜೋನಿ ಬೆಲ್ಲ, ಆಮೇಲೆ ಬೆಲ್ಲದ ಕಾಫಿ. ಅದನ್ನ ಮನೆಲಿ ಮಾಡಿದ್ರೆ ನನಗೆ ಯಾವಾಗ್ಲೂ ಹಾಲು ಒಡೆಯೋದು, ಅತ್ತೆ ಹತ್ರ ಹೇಳ್ಕೊಂಡೆ. "ಹಾಲಿಗೆ ಬೆಲ್ಲ ಹಾಕಿ ಕುದಿಸ್ತೀಯಲ್ಲ, ಒಡೀದೆ ಇನ್ನೇನಾಗ್ತದೆ ಕೂಸೇ" ಅಂದ್ರು. ನೀರಲ್ಲಿ ಬೆಲ್ಲ ಕರಗಿಸಿ ಕುದಿಸಿ ಪುಡಿ ಹಾಕಿ ಇಳಿಸಿ ಸೋಸಿ, ಕೊನೆಗೆ ಬಿಸಿ ಹಾಲು, ಮತ್ತೆ ಒಲೆ ಮೇಲೆ ಇಡ್ಬಾರ್ದು. ಬೆಂಗಳೂರಿಗೆ ಬಂದು ನಾಲ್ಕು ಸಲ ಮಾಡಿದೀನಿ, ಒಡೆದಿಲ್ಲ.

ಆಮೇಲೆ ನಾವು ಮಾಡಿದ ತಪ್ಪು. ಗುಡ್ಡದ ರಸ್ತೆಲಿ ವ್ಯೂ ಇರೋ ಒಂದು ಕೆಫೆ, ಫೋಟೋ ಎಲ್ಲ ಸಖತ್ತಾಗಿತ್ತು, ಹನ್ನೊಂದೂವರೆಗೆ ಹೋಗಿ ಕೂತ್ವಿ. ಮಂಜು ಅಂತೂ ಫೋಟೋಲಿದ್ದ ಹಾಗೇ ಇತ್ತು. ಪಾಸ್ತಾ ಹೇಳಿ ಐವತ್ತು ನಿಮಿಷ ಆದ್ಮೇಲೆ ಅಡುಗೆಯವರು ಇವತ್ತು ರಜೆ ಅಂತ ಗೊತ್ತಾಯ್ತು, ಮ್ಯಾಗಿ ಮಾಡಿ ಕೊಡ್ಲಾ ಅಂದ್ರು. ಕಾಫಿನೂ ಇನ್‌ಸ್ಟಂಟ್, ಕಿಟಕಿಯಿಂದ ಕಾಫಿ ತೋಟ ಕಾಣ್ತಿದೆ, ಕಪ್ಪಲ್ಲಿ ಸ್ಯಾಷೆ ಪುಡಿ. ದುಡ್ಡು ಕೊಡೋಕೆ ಹೋದ್ರೆ ನೆಟ್‌ವರ್ಕ್ ಇಲ್ಲ, ಸ್ಕ್ಯಾನ್ ಸುತ್ತುತ್ತಾನೇ ಇದೆ, ಕೊನೆಗೆ ಅತ್ತಿಗೆ ಪರ್ಸಿನ ಮೂಲೆಲಿ ಮಡಚಿಟ್ಟಿದ್ದ 500ರ ನೋಟು ಕಾಪಾಡ್ತು. ತೀರ್ಥಹಳ್ಳಿ ದಾಟೋ ಮುಂಚೆ ಕ್ಯಾಶ್ ತಗೊಳ್ಳಿ. ಯಾವ ಕೆಫೆಗೇ ಹೋಗಿ, ಕೂರೋ ಮುಂಚೆ "ಇವತ್ತು ಏನು ಇದೆ" ಅಂತ ಕೇಳಿ, ಮೆನು ಕೇಳ್ಬೇಡಿ.

ಅದೇ ಸಿಟ್ಟಲ್ಲಿ ಇಳಿದು ಬರ್ತಾ ಒಂದು ತೋಟದ ಮನೆ ಮುಂದೆ ಕಣ ನೋಡಿ ಕಾರ್ ನಿಲ್ಲಿಸಿದ್ವಿ. ಅರೇಬಿಕಾ ಹಣ್ಣು ಕುಯ್ಯೋದು ನವೆಂಬರ್‌ನಿಂದ ಜನವರಿ, ಹಾಗಾಗಿ ಕಣದ ತುಂಬ ಕಾಫಿ ಹರಡಿದ್ರು. ಒಂದು ಕಡೆ ಬಿಳಚಿಕೊಂಡ ಬೀಜ, ಅದು ಪಾರ್ಚ್‌ಮೆಂಟ್, ಹಣ್ಣನ್ನ ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು ಲೋಳೆ ತೊಳೆದು ಒಣಗಿಸೋದು, ಇನ್ನೊಂದು ಕಡೆ ಸಿಪ್ಪೆ ಸಮೇತ ಕಪ್ಪಗೆ ಒಣಗ್ತಿರೋ ಚೆರ್ರಿ. ಸಿಲ್ವರ್ ಓಕ್ ಮರಕ್ಕೆಲ್ಲ ಮೆಣಸಿನ ಬಳ್ಳಿ. ಅಲ್ಲಿದ್ದ ಅಜ್ಜಿ ಒಂದು ಹಣ್ಣು ಒತ್ತಿ ಬೀಜ ಅಂಗೈಗೆ ಬಿಟ್ರು, ಬಾಯಿಗೆ ಹಾಕ್ಕೊಂಡ್ರೆ ಮೇಲಿನ ಲೋಳೆ ಸಿಹಿ! ಕುಡೀತೀರಾ ಅಂತ ಕೇಳಿ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ರು, ದುಡ್ಡು ತಗೊಳ್ಳಲಿಲ್ಲ. ಕೇಳದೆ ತೋಟಕ್ಕೆ ನುಗ್ಬೇಡಿ, ನಾಯಿ ಇರತ್ತೆ, ಕುಯ್ಲಿನ ಟೈಮಲ್ಲಿ ಅವರಿಗೆ ಪುರುಸೊತ್ತೂ ಇರಲ್ಲ.

ಟೈಮಿದ್ದೋರು ಬಾಳೆಹೊನ್ನೂರಿಗೂ ಹೋಗ್ಬಹುದು, 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇರೋದು ಅಲ್ಲೇ ಹತ್ರ. ನಾವು ಹೋಗ್ಲಿಲ್ಲ, ಪುಡಿ ತಗೊಳ್ಬೇಕಿತ್ತು.

ಪುಡಿ ತಗೊಳ್ಳೋದನ್ನ ಕೊನೇ ದಿನಕ್ಕೆ ಇಟ್ಕೊಳ್ಳಿ, ಎದುರಿಗೇ ಹುರಿದು ಬೀಸಿಕೊಡೋ ಅಂಗಡಿಲಿ. ಪೀಬೆರಿ ಅಂದ್ರೆ ಹಣ್ಣಲ್ಲಿ ಎರಡರ ಬದಲು ಒಂದೇ ಗುಂಡು ಬೀಜ ಇರೋದು, ಪ್ಲಾಂಟೇಶನ್ ಅಂದ್ರೆ ತೊಳೆದು ಒಣಗಿಸಿದ ಅರೇಬಿಕಾ, ಎರಡೂ ಅರ್ಧರ್ಧ ಸೇರಿಸಿ ಅನ್ನಿ. ಚಿಕೋರಿ ಎಷ್ಟು ಅಂತ ಕೇಳಿದಾಗ ಬಾಯ್ಬಿಟ್ಟು ಹೇಳಿ, 80ಕ್ಕೆ 20 ಅಂತ. ಪ್ಯಾಕೆಟ್ ತಗೊಂಡ್ರೆ ಹಿಂದೆ ಪರ್ಸೆಂಟ್ ಓದಿ, ಕಾನೂನು ಪ್ರಕಾರ ಚಿಕೋರಿ 49ರ ತನಕ ಹಾಕ್ಬಹುದು, ಅರ್ಧದಷ್ಟು ಗಿಡದ ಬೇರನ್ನೇ ಮನೆಗೆ ತಂದಂಗಾಗತ್ತೆ. ಕಾಲು ಕೆಜಿಗಿಂತ ಜಾಸ್ತಿ ಬೇಡ, ಬೀಸಿದ ಪುಡಿ ಘಮ ಬೇಗ ಹೋಗತ್ತೆ.

ಯಾವಾಗ ಹೋಗೋದು ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ಬೇಡ ಅಂತೀನಿ, ಮಳೆ ನೋಡೋಕೆ ಚಂದ, ಆದ್ರೆ ಕರೆಂಟ್ ಹೋದ್ರೆ ಎಸ್‌ಪ್ರೆಸ್ಸೊ ಮಷಿನ್ನೂ ಹೋಯ್ತು, ಜಿಗಣೆ ಬೇರೆ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಎಲ್ಲ ಬೆಳ್ಳಗೆ ಹೂ ಬಿಡತ್ತೆ, ಮಲ್ಲಿಗೆ ಥರ ಘಮ, ಮೂರು ನಾಲ್ಕು ದಿನ ಅಷ್ಟೆ. ಮಳೆ ಬಿತ್ತು ಅಂತ ಸೋದರತ್ತೆ ಫೋನ್ ಮಾಡಿದ್ರೆ ಆ ವಾರನೇ ಹೊರಡೋದು ಅಂತ ಮಾತಾಗಿದೆ. ಅದೇ ಟ್ರೈನು, ಅದೇ ಕತ್ತಲಲ್ಲಿ ಇಳಿಯೋದು, ಅದಕ್ಕೆ ಅತ್ತಿಗೆ ಈ ಸಲ ಡಬ್ಬಿಲಿ ಒಗ್ಗರಣೆ ಅವಲಕ್ಕಿ ತರ್ತಾರಂತೆ.